ಮಿಕ್ಸಿ ನಿಲ್ಲಿಸಿ ಹೇಳಮ್ಮಾ



ಹೋದ ಸಲ ಅರಸಿನ ಎಲೆಯ ಗಟ್ಟಿಯ ವಿಷಯ ಬರೆದಿದ್ದೆನಲ್ಲ, ಅದಕ್ಕೆ ತುಂಬಾ ಕಾಗದಗಳು ಬಂದಿವೆ. ಎಲ್ಲರಿಗೂ ವಂದನೆಗಳು. ಆದರೆ ಅವುಗಳ ನಡುವೆ ಕಾರ್ಕಳದ ಕಡೆಯ ಒಬ್ಬ ಸೋದರಿಯ ಕಾಗದದಲ್ಲಿ ಗಟ್ಟಿಯ ಮಾತೇ ಇರಲಿಲ್ಲ. ಅವರು ಹೀಗೆ ಬರೆದಿದ್ದಾರೆ: "ಅಕ್ಕಾ, ನನ್ನ ಮಗನಿಗೆ ಎಂಟು ವರ್ಷ. ಕಿವಿ ಚೆನ್ನಾಗಿ ಕೇಳಿಸ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಆದರೂ ಹೇಳಿದ ಮಾತು ತಲೆಗೆ ಹೋಗುವುದಿಲ್ಲ. ಉಕ್ತಲೇಖನದಲ್ಲಿ ಹತ್ತಕ್ಕೆ ಎರಡು. ಟೀಚರು ಹಠ ಅಂತಾರೆ, ಅತ್ತೆ ನನ್ನ ಮುದ್ದು ಜಾಸ್ತಿ ಆಯಿತು ಅಂತಾರೆ. ಇವರು ಬೆತ್ತ ತಂದಿಟ್ಟಿದ್ದಾರೆ. ನಾನು ಎಂತ ಮಾಡಲಿ?"

ಕಾಗದ ಓದಿ ಸ್ವಲ್ಪ ಹೊತ್ತು ಒಲೆಯ ಮುಂದೆ ಸುಮ್ಮನೆ ನಿಂತೆ. ಆ ಬೆತ್ತ ನಮ್ಮ ಮನೆಯಲ್ಲೂ ಇತ್ತು. ತಂದಿಟ್ಟವರು ನಮ್ಮ ಯಜಮಾನರಲ್ಲ, ನಾನೇ. ಆದ್ದರಿಂದ ಈ ಸಲ ಅಡುಗೆಯ ಮಾತು ಬೇಡ. ನನ್ನ ತಪ್ಪಿನ ಕತೆಯನ್ನೇ ಹೇಳುತ್ತೇನೆ. ಒಬ್ಬ ತಾಯಿಯಾದರೂ ಬೆತ್ತವನ್ನು ಮೂಲೆಗಿಟ್ಟರೆ ನಾನು ಬರೆದದ್ದು ಸಾರ್ಥಕ.

ನಮ್ಮ ಮನೆ ಬೈಕಂಪಾಡಿಯಲ್ಲಿ. ಈ ಊರು ನೋಡದವರಿಗೆ ಹೇಳುತ್ತೇನೆ: ಒಂದು ಕಡೆ ಪಣಂಬೂರಿನ ಬಂದರು, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ, ನಡುವೆ 66ನೆಯ ರಾಷ್ಟ್ರೀಯ ಹೆದ್ದಾರಿ. ಹಗಲೂ ರಾತ್ರಿಯೂ ಲಾರಿ, ಟ್ಯಾಂಕರು. ನಮಗೆ ದೊಡ್ಡವರಿಗೆ ಆ ಗಲಾಟೆ ಕೇಳಿಸುವುದೇ ಇಲ್ಲ, ಅಷ್ಟು ಅಭ್ಯಾಸ. ನೆಂಟರು ಬಂದು, "ಈ ಶಬ್ದದಲ್ಲಿ ನೀವು ಹೇಗೆ ಮಲಗ್ತೀರಿ ಮಾರಾಯ್ತಿ?" ಅಂತ ಕೇಳಿದಾಗಲೇ, ಹೌದಲ್ಲ, ಶಬ್ದ ಉಂಟು ಅಂತ ಗೊತ್ತಾಗುವುದು.

ನನ್ನ ಚಿಕ್ಕ ಮಗ, ಮನೆಯಲ್ಲಿ ಪುಟ್ಟ ಎಂದೇ ಕರೆಯುವುದು, ಮೂರನೆಯ ತರಗತಿಯಲ್ಲಿದ್ದಾಗಿನ ಮಾತು. ಬಾಯಿ ತುಂಬಾ ಚುರುಕು. ಸೈಕಲ್ಲಿನ ಚೈನು ಕಳಚಿದರೆ ತಾನೇ ಹಾಕುವನು. ಆದರೆ ಪುಸ್ತಕ ಹಿಡಿದರೆ ಒಂದು ಸಾಲು ಓದಲು ಐದು ನಿಮಿಷ. ಒಂದು ಪದದ ಮೊದಲ ಅಕ್ಷರ ನೋಡಿ ಉಳಿದದ್ದು ಊಹೆ ಮಾಡುವುದು. "ಮರ" ಅಂತ ಇದ್ದರೆ "ಮನೆ" ಅನ್ನುವನು. ಉಕ್ತಲೇಖನವಂತೂ ಕೇಳಲೇ ಬೇಡಿ. ಕರಿ ಅಂದರೆ ಗರಿ, ತಾಳಿ ಅಂದರೆ ದಾಳಿ, ಬಾಳೆ ಅಂದರೆ ಬಳೆ.

ಮನೆಯಲ್ಲೂ ಹಾಗೆಯೇ. "ಪುಟ್ಟಾ, ಮೇಲಿನ ಕಪಾಟಿನ ಸಣ್ಣ ಡಬ್ಬ ತೆಗೆದು ಅಜ್ಜಿಗೆ ಕೊಡು, ಬರುವಾಗ ಹಿತ್ತಿಲ ಬಾಗಿಲು ಹಾಕಿ ಬಾ" ಅಂದರೆ ಡಬ್ಬ ತೆಗೆದು ಕೈಯಲ್ಲಿ ಹಿಡಿದು ನಿಲ್ಲುವನು. "ಎಂತ ಅಮ್ಮಾ?" ಎಂದು ಮತ್ತೆ ಕೇಳುವನು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಕಿವಿಯಲ್ಲಿ ಎಂತ ಹತ್ತಿ ಇಟ್ಟುಕೊಂಡಿದ್ದೀಯಾ?" ದಿನಕ್ಕೆ ಹತ್ತು ಸಲವಾದರೂ ಇದೇ ಮಾತು ನನ್ನ ಬಾಯಿಂದ.

ಒಂದು ದಿನ ಶಾಲೆಯಿಂದ ಅಳುತ್ತಾ ಬಂದ. ಉಕ್ತಲೇಖನದಲ್ಲಿ "ಅಜ್ಜಿ ನನಗೆ ಕತೆ ಹೇಳಿದರು" ಎಂಬ ವಾಕ್ಯ ಕೊಟ್ಟಿದ್ದರಂತೆ. ಇವನು "ಅಜ್ಜಿ ನನಗೆ ಕತ್ತೆ ಹೇಳಿದರು" ಎಂದು ಬರೆದಿದ್ದ. ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ ಎಲ್ಲರೂ ನಕ್ಕಿದ್ದಾರೆ. ಮನೆಯಲ್ಲಿ ನಾನಾದರೂ ಸಮಾಧಾನ ಮಾಡಬೇಕಿತ್ತಲ್ಲವೇ? ಮಾಡಲಿಲ್ಲ. ಆ ಸಂಜೆ ಅದೇ ವಾಕ್ಯವನ್ನು ಐವತ್ತು ಸಲ ಬರೆಸಿದೆ. ಇಪ್ಪತ್ತನೆಯ ಸಾಲಿಗೆ ಮತ್ತೆ ಕತ್ತೆ ಬಂತು. ಬೆತ್ತ ತೆಗೆದುಕೊಂಡೆ. ಎರಡು ಏಟು ಬಿದ್ದ ಮೇಲೆ ಮಗು ಕೇಳಿತು: "ಅಮ್ಮಾ, ನನ್ನ ಕಿವಿ ಹಾಳಾಗಿದೆಯಾ, ತಲೆಯಾ?" ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಉತ್ತರದ ಮೊದಲ ತುದಿ ಸಿಕ್ಕಿದ್ದು ಕರೆಂಟು ಹೋದದ್ದರಿಂದ. ಒಂದು ಭಾನುವಾರ ಬಂಗುಡೆ ಸಾರಿಗೆ ಮಸಾಲೆ ಅರೆಯುತ್ತಿದ್ದೆ. ಮಿಕ್ಸಿಯ ಗದ್ದಲ, ಜಗಲಿಯಲ್ಲಿ ಟೀವಿ, ತಲೆಯ ಮೇಲೆ ಫ್ಯಾನು. ಪುಟ್ಟನಿಗೆ ಮೂರು ಕೆಲಸ ಹೇಳಿದೆ. ಎಂದಿನಂತೆ ಕಣ್ಣು ಕಣ್ಣು ಬಿಟ್ಟ. ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಮನೆಯೇ ನಿಶ್ಶಬ್ದ. ಅದೇ ಮೂರು ಕೆಲಸ ಮತ್ತೆ ನಿಧಾನವಾಗಿ ಹೇಳಿದೆ. ಮೂರನ್ನೂ ಮಾಡಿ ಬಂದ! ಅದೇ ಮಗು, ಅದೇ ಕಿವಿ, ಅದೇ ಮಾತು. ಬದಲಾದದ್ದು ಸುತ್ತಲಿನ ಗದ್ದಲ ಮತ್ತು ನನ್ನ ಅವಸರ ಮಾತ್ರ. ಹಠ ಮಾಡುವವನು ಕರೆಂಟು ಇದ್ದಾಗ ಒಂದು ರೀತಿ, ಇಲ್ಲದಾಗ ಒಂದು ರೀತಿ ಹಠ ಮಾಡುತ್ತಾನೆಯೇ?

ಮರುವಾರ ಅವನನ್ನು ಕಿವಿ ಮೂಗು ಗಂಟಲಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಗುಗ್ಗೆ ಇಲ್ಲ, ಕಿವಿಯೊಳಗೆ ನೀರು ತುಂಬಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಯಂತ್ರದಿಂದ ಸಣ್ಣ ಸಣ್ಣ ಶಬ್ದ ಕೇಳಿಸಿ ಪರೀಕ್ಷೆ ಮಾಡಿದರು. ಶ್ರವಣಶಕ್ತಿ ಸರಿಯಾಗಿಯೇ ಇತ್ತು. ಹೆಚ್ಚಿನವರು ಇಲ್ಲಿಗೆ ಸಮಾಧಾನ ಪಟ್ಟು ಮನೆಗೆ ಬರುತ್ತಾರೆ, ಬಂದು ಮತ್ತೆ ಬೈಯುತ್ತಾರೆ. ನಮ್ಮ ಅದೃಷ್ಟಕ್ಕೆ ಆ ಡಾಕ್ಟರು, "ಇಷ್ಟಕ್ಕೇ ಬಿಡಬೇಡಿ, ಆಡಿಯಾಲಜಿಸ್ಟರಿಗೆ ತೋರಿಸಿ" ಎಂದರು. ಅಂದರೆ ಶ್ರವಣ ತಜ್ಞರು.

ಅಲ್ಲಿ ಬೇರೆಯೇ ರೀತಿಯ ಪರೀಕ್ಷೆ. ಒಮ್ಮೆ ಮಾತಿನ ಹಿಂದೆ ಗದ್ದಲ ಸೇರಿಸಿ ಕೇಳಿಸುವುದು. ಇನ್ನೊಮ್ಮೆ ಎಡ ಕಿವಿಗೆ ಒಂದು, ಬಲ ಕಿವಿಗೆ ಒಂದು, ಬೇರೆ ಬೇರೆ ಶಬ್ದ ಒಂದೇ ಸಲಕ್ಕೆ ಕೊಡುವುದು. ಮತ್ತೊಮ್ಮೆ ಶಬ್ದದ ನಡುವೆ ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕದೊಂದು ಬಿಡುವು ಇಟ್ಟು ಅದು ಗೊತ್ತಾಗುತ್ತದೆಯೇ ಎಂದು ನೋಡುವುದು. ಸದ್ದಿಲ್ಲದಾಗ ಸರಿಯಾಗಿ ಹೇಳುತ್ತಿದ್ದ ಪುಟ್ಟ, ಗದ್ದಲ ಸೇರಿಸಿದೊಡನೆ ಅರ್ಧಕ್ಕರ್ಧ ತಪ್ಪಿದ. ಆಮೇಲೆ ಓದು ಬರಹದ ಪರೀಕ್ಷೆಯನ್ನೂ ಬುದ್ಧಿಶಕ್ತಿಯ ಪರೀಕ್ಷೆಯನ್ನೂ ಬೇರೆಯವರು ಮಾಡಿದರು. ಬುದ್ಧಿಗೆ ಎಂತದೂ ಕೊರತೆಯಿಲ್ಲ. ಇರುವುದು ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ತೊಡಕು. ಅದರ ಜೊತೆಗೆ ಕೇಳಿದ್ದನ್ನು ಬಿಡಿಸಿಕೊಳ್ಳುವ ತೊಡಕೂ ಉಂಟು ಎಂದರು.

ನಾನು ಎಸ್.ಎಸ್.ಎಲ್.ಸಿ. ಓದಿದವಳು. ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಅಕ್ಕಿ ಮೂಟೆ ಮನೆಗೆ ಬಂದರೆ ಊಟವಾಯಿತೇ? ಗೆರಸೆಯಲ್ಲಿ ಹಾಕಿ ಕೇರಬೇಕು, ಕಲ್ಲು, ಹೊಟ್ಟು, ನುಚ್ಚು ಬೇರೆ ಮಾಡಬೇಕು. ಕಿವಿಯ ಕೆಲಸ ಮೂಟೆ ತಂದು ಹಾಕುವುದು. ಶಬ್ದ ಕಿವಿಯ ತಮಟೆಗೆ ಬಡಿದು, ಮೂರು ಪುಟ್ಟ ಎಲುಬುಗಳ ಮೂಲಕ ಶಂಖದಂಥ ಭಾಗಕ್ಕೆ ಹೋಗಿ, ಅಲ್ಲಿಂದ ನರದ ದಾರಿಯಲ್ಲಿ ಮೆದುಳಿಗೆ ಮುಟ್ಟುತ್ತದೆ. ಕೇರುವ ಕೆಲಸ ಮೆದುಳಿನದು. ಯಾವುದು ಅಮ್ಮನ ಮಾತು, ಯಾವುದು ಮಿಕ್ಸಿ, ಯಾವುದು "ಕ", ಯಾವುದು "ಗ" ಎಂದು ಬೇರೆ ಮಾಡುವುದು. ಕೆಲವು ಮಕ್ಕಳಲ್ಲಿ ಈ ಕೇರುವ ಕೆಲಸ ನಿಧಾನ. ಮೂಟೆ ಬಂದಿರುತ್ತದೆ, ಆದರೆ ಕಲ್ಲೂ ಅಕ್ಕಿಯೂ ಒಟ್ಟಿಗೇ ಇರುತ್ತವೆ.

"ಕ"ಕ್ಕೂ "ಗ"ಕ್ಕೂ, "ಪ"ಕ್ಕೂ "ಬ"ಕ್ಕೂ ಬಾಯಿ ಆಡುವ ಜಾಗ ಒಂದೇ. ಗಂಟಲಿನ ನಾದ ಯಾವಾಗ ಸುರುವಾಗುತ್ತದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಅದೂ ಒಂದು ಸೆಕೆಂಡನ್ನು ನೂರು ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲು. ಕತೆಗೂ ಕತ್ತೆಗೂ ನಡುವೆ ನಾಲಿಗೆ ಒಂದು ಚೂರು ಹೆಚ್ಚು ಹೊತ್ತು ನಿಲ್ಲುತ್ತದೆ, ಅಷ್ಟೆ. ನಮ್ಮ ಕನ್ನಡದಲ್ಲಿ ಹ್ರಸ್ವ, ದೀರ್ಘ, ಒತ್ತು ಎಲ್ಲವೂ ಅರ್ಥ ಬದಲಿಸುತ್ತವೆ. ಈ ಚೂರುಗಳು ಜಾರಿ ಹೋಗುವ ಮಗುವಿಗೆ ಉಕ್ತಲೇಖನ ಎಷ್ಟು ಕಷ್ಟ, ನೀವೇ ಯೋಚಿಸಿ. ಅಜ್ಜಿ ಕತ್ತೆ ಹೇಳಿದ್ದು ಉಡಾಫೆಯಿಂದಲ್ಲ.

ಆದರೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಡಿಸ್ಲೆಕ್ಸಿಯಾ ಇರುವ ಎಲ್ಲ ಮಕ್ಕಳಿಗೂ ಈ ಕೇಳುವ ತೊಡಕು ಇರುವುದಿಲ್ಲ. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ಡಾಕ್ಟರು 14 ವರ್ಷದ ಒಬ್ಬ ಹುಡುಗನ ವಿಷಯ ಬರೆದರು. ಲೆಕ್ಕದಲ್ಲಿ ಚುರುಕು, ಓದು ಮಾತ್ರ ಬಾರದು. ಬಾಯಿಮಾತಿನಲ್ಲೇ ಪಾಠ ನಡೆದರೆ ಶಾಲೆಗೇ ಅವನು ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ಅಂದರೆ ಅವನಿಗೆ ಕೇಳಿ ಕಲಿಯಲು ಕಷ್ಟವಿರಲಿಲ್ಲ. ಆಗ ಇದು ಕಣ್ಣಿಗೆ ಸಂಬಂಧಿಸಿದ್ದು ಎಂದುಕೊಂಡು ಪದಗುರುಡು ಎಂದು ಹೆಸರಿಟ್ಟಿದ್ದರು. ಬಹುಪಾಲು ಮಕ್ಕಳಲ್ಲಿ ತೊಡಕು ಇರುವುದು ಕಣ್ಣಿನಲ್ಲಲ್ಲ, ಪದದೊಳಗಿನ ಧ್ವನಿಗಳನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವುದರಲ್ಲಿ ಎಂಬುದು ಆಮೇಲೆ ತಿಳಿಯಿತು. ಅದರ ಜೊತೆಗೆ ಗದ್ದಲದಲ್ಲಿ ಮಾತು ಹಿಡಿಯುವ ಕಷ್ಟವೂ ಕೆಲವರಿಗೆ ಇರುತ್ತದೆ, ನನ್ನ ಮಗನ ಹಾಗೆ. 2007ರಲ್ಲಿ ಬಂದ "ತಾರೇ ಜಮೀನ್ ಪರ್" ಸಿನಿಮಾ ನೋಡಿ ನಾವೆಲ್ಲ ಅತ್ತೆವು. ಆದರೆ ಪ್ರತಿ ಮಗುವೂ ಆ ಸಿನಿಮಾದ ಹುಡುಗನ ಹಾಗೆಯೇ ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ ನಮ್ಮ ಕರಾವಳಿಯವರಿಗೆ. ನಮ್ಮ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ ಭಾಷೆ. ಶಾಲೆಯಲ್ಲಿ ಕನ್ನಡ, ಇಂಗ್ಲಿಷು. ತುಳು ಮಾತಿನಲ್ಲಿ ಮಹಾಪ್ರಾಣ ಉಚ್ಚಾರ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಮಗು "ಫಲ"ವನ್ನು "ಪಲ" ಎಂದು ಬರೆದ ಮಾತ್ರಕ್ಕೆ ಹೆದರಬೇಡಿ, ಅದು ಮನೆಮಾತಿನ ಪ್ರಭಾವ. ಒಂದನೆಯ ಎರಡನೆಯ ತರಗತಿಯಲ್ಲಿ ಒತ್ತಕ್ಷರ ತಪ್ಪಿದರೂ ಹೆದರಬೇಡಿ. ಕನ್ನಡದಲ್ಲಿ ವರ್ಣಮಾಲೆಯ ಅಕ್ಷರ 49 ಆದರೂ ಕಾಗುಣಿತ ಸೇರಿಸಿದರೆ ನಾನ್ನೂರು ಮೀರುತ್ತದೆ. ಕನ್ನಡ ಓದುವ ಮಕ್ಕಳನ್ನು ಗಮನಿಸಿ ಸೊನಾಲಿ ನಾಗ್ ಎಂಬವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಅಕ್ಷರ ಕಲಿಕೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ ಎಂದು ತೋರಿಸಿದ್ದಾರೆ. ಜೊತೆಯ ಮಕ್ಕಳೆಲ್ಲ ಮುಂದೆ ಹೋಗಿ, ಇದೊಂದು ಮಗು ಮಾತ್ರ ವರ್ಷಗಟ್ಟಲೆ ಅಲ್ಲೇ ನಿಂತರೆ ಆಗ ಯೋಚಿಸಬೇಕು.

ಮನೆಯಲ್ಲಿ ನೀವು ಗಮನಿಸಬೇಕಾದ ಕೆಲವು ಗುರುತುಗಳನ್ನು ಬರೆಯುತ್ತೇನೆ.

1. ಸದ್ದಿಲ್ಲದ ಕಡೆ ಮಾತು ತಿಳಿಯುತ್ತದೆ, ಗದ್ದಲದಲ್ಲಿ ತಿಳಿಯುವುದಿಲ್ಲ.
2. ಎರಡು ಮೂರು ಕೆಲಸ ಒಟ್ಟಿಗೆ ಹೇಳಿದರೆ ಮೊದಲನೆಯದೋ ಕೊನೆಯದೋ ಮಾತ್ರ ನೆನಪಿರುತ್ತದೆ.
3. "ಎಂತ? ಆಂ?" ಎಂದು ಪದೇ ಪದೇ ಕೇಳುತ್ತದೆ.
4. ಹತ್ತಿರ ಹತ್ತಿರದ ಶಬ್ದಗಳು ಅದಲು ಬದಲಾಗುತ್ತವೆ.
5. ವಾರದ ದಿನ, ತಿಂಗಳು, ಮಗ್ಗಿ ಕ್ರಮವಾಗಿ ನೆನಪಿಡಲು ಕಷ್ಟ.
6. ಶಾಲೆಯಿಂದ ಬಂದಾಗ ವಿಪರೀತ ಸುಸ್ತು, ಸಿಡುಕು. ದಿನವಿಡೀ ಕಿವಿಗೊಟ್ಟು ದಣಿದಿರುತ್ತದೆ ಪಾಪ.

ಇವು ಇದ್ದ ಮಾತ್ರಕ್ಕೆ ಇದೇ ತೊಡಕು ಎಂದು ನಾವೇ ತೀರ್ಮಾನ ಮಾಡಬಾರದು. ನೆಗಡಿಯಿಂದ ಕಿವಿಯೊಳಗೆ ನೀರು ನಿಂತರೂ, ಒಂದು ಕಡೆ ಗಮನ ನಿಲ್ಲದ ಸ್ವಭಾವವಿದ್ದರೂ ಹೀಗೆಯೇ ಕಾಣುತ್ತದೆ. ಆದ್ದರಿಂದ ಮೊದಲು ಕಿವಿಯ ಡಾಕ್ಟರು, ಆಮೇಲೆ ಶ್ರವಣ ತಜ್ಞರು, ಜೊತೆಗೆ ಓದು ಬರಹದ ಪರೀಕ್ಷೆ. ನಾನು ಹೇಳಿದ ಆ ವಿಶೇಷ ಶ್ರವಣ ಪರೀಕ್ಷೆಗಳನ್ನು ಸಾಮಾನ್ಯವಾಗಿ ಏಳು ವರ್ಷ ತುಂಬಿದ ಮೇಲೆಯೇ ಮಾಡುವುದು. ಕಾರ್ಕಳದ ಸೋದರಿಯ ಮಗನಿಗೆ ಈಗ ಸರಿಯಾದ ವಯಸ್ಸು.

ಎಲ್ಲಿ ಹೋಗುವುದು? ನಮ್ಮ ರಾಜ್ಯದ ಪುಣ್ಯ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಆರಂಭವಾದದ್ದು. ಅಲ್ಲಿಯ ಆಶಾ ಯತಿರಾಜ್ ಮತ್ತು ಮಸ್ಕರೇನ್ಹಸ್ ಎಂಬ ತಜ್ಞರು ಶಾಲಾ ಮಕ್ಕಳಿಗಾಗಿ 12 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದಾರೆ. ಟೀಚರು ಮಗುವನ್ನು ನೋಡಿ ಹೌದು, ಇಲ್ಲ ಎಂದು ಗುರುತು ಹಾಕುವುದು. ಆರು ಅಥವಾ ಹೆಚ್ಚು ಹೌದು ಬಂದರೆ ಪರೀಕ್ಷೆಗೆ ಕಳುಹಿಸಬೇಕು. ಮೈಸೂರು ದೂರವಾದರೆ ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಯಲ್ಲೂ, ಡಾ. ಎಂ.ವಿ. ಶೆಟ್ಟಿ ಸಂಸ್ಥೆಯಲ್ಲೂ ವಾಕ್ ಮತ್ತು ಶ್ರವಣದ ಕಾಲೇಜುಗಳಿವೆ. ಸರಕಾರಿ ಶಾಲೆಯ ಮಕ್ಕಳಿಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಶಾಲೆಗೆ ಬರುವ ಆ ತಂಡದವರು ಹುಡುಕುವ ತೊಂದರೆಗಳಲ್ಲಿ ಕಿವಿಯ ದೋಷವೂ ಕಲಿಕೆಯ ತೊಡಕೂ ಸೇರಿವೆ. ಅವರು ಬಂದ ದಿನ ನೀವೇ ಹೋಗಿ ಬಾಯಿಬಿಟ್ಟು ಹೇಳಿ. ಸಂಕೋಚ ಬೇಡ.

ಇದಕ್ಕೆ ಮಾತ್ರೆ ಇಲ್ಲ, ಕಿವಿಗೆ ಬಿಡುವ ಎಣ್ಣೆಯೂ ಇಲ್ಲ. ದಯವಿಟ್ಟು ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಹಾಕಬೇಡಿ. ಬರೀ ಶಬ್ದ ಕೇಳಿಸುವ ಅಭ್ಯಾಸದಿಂದ ಇಷ್ಟು ದಿನದಲ್ಲಿ ಓದು ಬರಿಸುತ್ತೇವೆ ಎಂದು ಹೇಳಿ ದುಡ್ಡು ಕೇಳುವವರಿದ್ದಾರೆ. ಹಾಗೆ ಓದು ತಾನಾಗಿ ಬರುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಓದು ಬರಬೇಕಾದರೆ ಧ್ವನಿಯನ್ನೂ ಅಕ್ಷರವನ್ನೂ ಜೋಡಿಸಿ, ನಿಧಾನವಾಗಿ, ಕ್ರಮವಾಗಿ ಕಲಿಸಬೇಕು. ಅದಕ್ಕೆ ತರಬೇತಿ ಪಡೆದ ಶಿಕ್ಷಕರು ಬೇಕು. ಜೊತೆಗೆ ಮನೆಯಲ್ಲಿ ನಾವು ಖರ್ಚಿಲ್ಲದೆ ಮಾಡಬಹುದಾದದ್ದೂ ಬಹಳ ಉಂಟು. ನಾನು ಮಾಡಿದ್ದು ಇಷ್ಟು:

ಮಾತಾಡುವ ಮೊದಲು ಮಿಕ್ಸಿ, ಟೀವಿ ನಿಲ್ಲಿಸಿದೆ. ಇನ್ನೊಂದು ಕೋಣೆಯಿಂದ ಕೂಗುವುದನ್ನು ಬಿಟ್ಟೆ. ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಅವನು ಮುಖ ನೋಡಿದ ಮೇಲೆ ಹೇಳಿದೆ. ಒಂದು ಸಲಕ್ಕೆ ಒಂದೇ ಕೆಲಸ. "ಈಗ ಎಂತ ಹೇಳಿದೆ, ಹೇಳು ನೋಡುವಾ" ಎಂದು ಅವನ ಬಾಯಿಂದಲೇ ಮತ್ತೆ ಹೇಳಿಸಿದೆ. ಅಂಗಡಿಗೆ ಕಳಿಸುವಾಗ ಚೀಟಿ ಕೊಟ್ಟೆ, ಬರೆದದ್ದರ ಪಕ್ಕದಲ್ಲಿ ಸಣ್ಣ ಚಿತ್ರ. ತರಕಾರಿ ಹೆಚ್ಚುವಾಗ ಚಪ್ಪಾಳೆಯ ಆಟ ಆಡಿದೆವು: ಬೆಂ-ಡೆ-ಕಾ-ಯಿ, ನಾಲ್ಕು ಚಪ್ಪಾಳೆ. ಬ-ಸ-ಳೆ, ಮೂರು. "ಬಸಳೆಯಲ್ಲಿ ಮೊದಲಿನದನ್ನು ತೆಗೆದರೆ ಎಂತ ಉಳಿಯುತ್ತದೆ?" "ಸಳೆ!" ಎಂದು ನಗುವನು. ಕರಿ, ಗರಿ ಹೇಳುವಾಗ ಗಂಟಲಿನ ಮೇಲೆ ಕೈಯಿಟ್ಟು ಅದುರುವುದನ್ನು ನೋಡಲು ಹೇಳಿದೆ. ಕಿವಿಗೆ ಸಿಗದ ವ್ಯತ್ಯಾಸ ಬೆರಳಿಗೆ ಸಿಕ್ಕಿತು. ದಿನಕ್ಕೆ ಹತ್ತೇ ನಿಮಿಷ, ಅದಕ್ಕಿಂತ ಹೆಚ್ಚಿಲ್ಲ.

ಶಾಲೆಗೂ ಹೋಗಿ ವರದಿ ತೋರಿಸಿ ಮಾತಾಡಿದೆ. ರಸ್ತೆ ಬದಿಯ ಕಿಟಕಿಯಿಂದ ದೂರ, ಮುಂದಿನ ಬೆಂಚಿನಲ್ಲಿ ಕೂರಿಸಿ ಎಂದೆ. ಮನೆಗೆಲಸವನ್ನು ಬಾಯಲ್ಲಿ ಮಾತ್ರ ಹೇಳದೆ ಬೋರ್ಡಿನ ಮೇಲೆ ಬರೆಯಿರಿ ಎಂದೆ. ಮೊದಲು, "ನಲವತ್ತು ಮಕ್ಕಳಲ್ಲಿ ನಿಮ್ಮವನೊಬ್ಬನಿಗೆ ಹೇಗೆ ಮಾಡುವುದು?" ಎಂದರು. ಬೋರ್ಡಿನ ಮೇಲೆ ಬರೆದರೆ ನಲವತ್ತಕ್ಕೂ ಉಪಕಾರ ಅಲ್ಲವೇ ಟೀಚರ್, ಎಂದೆ. ಒಪ್ಪಿದರು.

ಕಾನೂನೂ ನಮ್ಮ ಕಡೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಹೇಳಿರುವ 21 ಬಗೆಯ ನ್ಯೂನತೆಗಳಲ್ಲಿ ಕಲಿಕೆಯ ನಿರ್ದಿಷ್ಟ ತೊಡಕೂ ಒಂದು. ಡಿಸ್ಲೆಕ್ಸಿಯಾದ ಹೆಸರು ಅದರಲ್ಲೇ ಇದೆ. ಸರಿಯಾದ ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಅನುಕೂಲ ಕೇಳಬಹುದು. ಎಸ್.ಎಸ್.ಎಲ್.ಸಿ. ಬಾಗಿಲಿಗೆ ಬಂದಾಗ ಓಡಾಡುವ ಬದಲು ಮೊದಲೇ ಮುಖ್ಯೋಪಾಧ್ಯಾಯರಲ್ಲಿ ವಿಚಾರಿಸಿಡಿ. "ವಿಕಲಚೇತನ ಅಂತ ಬರೆಸಿದರೆ ಮುಂದೆ ಹೆಣ್ಣು ಸಿಗಲಿಕ್ಕಿಲ್ಲ" ಎಂದು ನಮ್ಮ ಅತ್ತೆ ಹೆದರಿದ್ದರು. "ಅತ್ತೇ, ಮೊದಲು ಹತ್ತನೇ ಕ್ಲಾಸು ದಾಟಲಿ" ಎಂದೆ. ಈಗ ಚಪ್ಪಾಳೆಯ ಆಟದಲ್ಲಿ ಅವರೇ ಮುಂದೆ.

ಪುಟ್ಟ ಈಗ ಏಳನೆಯ ತರಗತಿ. ಪವಾಡ ಎಂತದೂ ಆಗಿಲ್ಲ. ಇವತ್ತಿಗೂ ನಿಧಾನವಾಗಿಯೇ ಓದುತ್ತಾನೆ, ಒತ್ತಕ್ಷರ ಇವತ್ತಿಗೂ ತಪ್ಪುತ್ತದೆ. ಆದರೆ ಪುಸ್ತಕ ಕಂಡರೆ ಅಡಗಿ ಕೂರುವುದಿಲ್ಲ. ತನ್ನ ಕಿವಿಯೂ ಹಾಳಾಗಿಲ್ಲ, ತಲೆಯೂ ಹಾಳಾಗಿಲ್ಲ ಎಂದು ಅವನಿಗೆ ಗೊತ್ತುಂಟು. ಆ ಎರಡು ಏಟು ಅವನಿಗೆ ನೆನಪಿದೆಯೋ ಇಲ್ಲವೋ, ಕೇಳಲು ನನಗೆ ಧೈರ್ಯ ಬಂದಿಲ್ಲ. ನನಗಂತೂ ನೆನಪಿದೆ.

ಮೊನ್ನೆ ಅಡುಗೆಮನೆಯಲ್ಲಿ ಅವಸರದಲ್ಲಿ ಕೂಗಿ ಏನೋ ಹೇಳಿದೆ. ಬಾಗಿಲಿಗೆ ಬಂದು ನಿಂತು, ಸ್ವಲ್ಪವೂ ಅಂಜದೆ, "ಮಿಕ್ಸಿ ನಿಲ್ಲಿಸಿ ಹೇಳಮ್ಮಾ" ಎಂದ. ನಿಲ್ಲಿಸಿದೆ.

ಕಾರ್ಕಳದ ಸೋದರಿಗೆ ನನ್ನ ಉತ್ತರವೂ ಅಷ್ಟೇ. ಮೊದಲು ಮಿಕ್ಸಿ ನಿಲ್ಲಿಸಿ ತಾಯೀ. ಬೆತ್ತ ಒಲೆಗೆ ಹಾಕಿ. ಆಮೇಲೆ ಮಗನ ಕೈ ಹಿಡಿದು ಶ್ರವಣ ತಜ್ಞರಲ್ಲಿಗೆ ಹೋಗಿ. ಏನಾಯಿತೆಂದು ನನಗೆ ಬರೆಯಲು ಮರೆಯಬೇಡಿ.